ಯಾವ ಈರಪ್ಪ?

ಅಪ್ಪ ತೀರಿಕೊಂಡ ಮೇಲೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಮ್ಮ ಹೆಸರು ಏರಿಸಬೇಕಿತ್ತು. ಅದಕ್ಕೆ ವಾರಸಾ ಅರ್ಜಿ ಕೊಡಬೇಕು, ವಾರಸಾ ಅರ್ಜಿಗೆ ವಂಶಾವಳಿ ಬೇಕು. ಬಾದಾಮಿ ತಾಲ್ಲೂಕಿನಲ್ಲಿ ನಮ್ಮೂರು. ತಮ್ಮನೇ ನಾಲ್ಕು ಸಲ ನಾಡಕಚೇರಿಗೆ ಓಡಾಡಿ ವಂಶಾವಳಿ ತಂದ. ಮೇಲೆ ಮುತ್ತಜ್ಜ ಈರಪ್ಪ, ಅವನ ಕೆಳಗೆ ಅಜ್ಜ ಬಸಪ್ಪ, ಅಜ್ಜನ ಕೆಳಗೆ ಅಪ್ಪ, ಕಾಕಾ, ಅತ್ತಿ, ಕೊನೆಗೆ ನಾವು. ಕೆಲಸಕ್ಕೆ ಅಷ್ಟು ಸಾಕಿತ್ತು. ತಮ್ಮ ಖುಷಿಯಿಂದ ಐದು ಜೆರಾಕ್ಸ್ ಮಾಡಿಸಿದ.

ನನಗೆ ಮಾತ್ರ ಈರಪ್ಪನ ಅಕ್ಕಪಕ್ಕ ಖಾಲಿ ಇದ್ದದ್ದು ಸರಿ ಬರಲಿಲ್ಲ. ಚಿಕ್ಕವಳಿದ್ದಾಗ ಅಜ್ಜ ಹೇಳುತ್ತಿದ್ದ ಮಾತು ನೆನಪಿತ್ತು. "ನಮ್ಮಪ್ಪಗ ಇಬ್ಬರು ತಮ್ಮಂದಿರು, ಒಬ್ಬಾಕಿ ತಂಗಿ. ಒಬ್ಬಾಂವ ಬ್ಯಾನ್ಯಾಗ ಹ್ವಾದ, ಇನ್ನೊಬ್ಬ ಸೊಲ್ಲಾಪುರದ ಗಿರಣಿಗಿ ಹ್ವಾದ." ತಂಗಿ ಎಲ್ಲಿಗೆ ಹೋದಳು ಅಂತ ಅಜ್ಜ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ವಯಸ್ಸು ಬರುವಷ್ಟರಲ್ಲಿ ಅಜ್ಜ ಇರಲಿಲ್ಲ.

ಕಚೇರಿಯ ವಂಶಾವಳಿಯದು ಏನೂ ತಪ್ಪಿಲ್ಲ. ಅದಕ್ಕೆ ಬೇಕಾಗಿರುವುದು ಈಗ ಬದುಕಿರುವ ಹಕ್ಕುದಾರರು. ಮಕ್ಕಳಿಲ್ಲದೆ ಸತ್ತವರು, ಊರು ಬಿಟ್ಟವರು, ನೂರು ವರ್ಷದ ಹಿಂದೆ ಮದುವೆಯಾಗಿ ಹೋದವರು ಅದರಲ್ಲಿ ಬರುವುದಿಲ್ಲ. ನನಗೆ ಬೇಕಾಗಿದ್ದದ್ದು ಅವರೇ.

ಮೊದಲು ಕಾಕಾನನ್ನು ಕೇಳಿದೆ. ಕಾಕಾ ತಂಬಾಕು ತಿಕ್ಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಯಾಕವ್ವಾ, ಪಾಲು ಕೇಳಾಕ ಬಂದೀಯೇನ?" ಅವನ ಅನುಮಾನ ಸುಮ್ನೆ ಬಂದದ್ದಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಂದೀಚೆಗೆ ನಮ್ಮ ಕಡೆ ಮದುವೆಯಾದ ಮಗಳು ತವರಿಗೆ ಬಂದು "ಮುತ್ತಜ್ಜನ ಹೆಸರೇನು?" ಅಂದರೆ ಮನೆಯಲ್ಲಿ ಚಹಾ ತಣ್ಣಗಾಗುತ್ತದೆ. ಪಾಲು ಬೇಡ, ಹೆಸರು ಸಾಕು ಅಂತ ಹೇಳಿದೆ. ನಂಬಲಿಲ್ಲ. ಆದರೂ ಒಂದು ಮಾತು ಆಡಿದ. "ಈರಪ್ಪ ಅಂದ್ರ ಯಾವ ಈರಪ್ಪ? ಊರಾಗ ಇಬ್ಬರಿದ್ರು."

ಅದು ನಿಜ. ನಮ್ಮ ಮನೆದೇವರು ಗೊಡಚಿ ವೀರಭದ್ರ. ಹೀಗಾಗಿ ಪ್ರತಿ ಮನೆಯಲ್ಲೂ ಒಬ್ಬ ಈರಪ್ಪ ಇರಲೇಬೇಕು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ರೂಢಿ. ಇಬ್ಬರು ಅಣ್ಣತಮ್ಮಂದಿರು ಇಬ್ಬರೂ ತಮ್ಮಪ್ಪನ ಹೆಸರನ್ನೇ ತಮ್ಮ ಮಗನಿಗೆ ಇಟ್ಟರೆ ಒಂದೇ ಓಣಿಯಲ್ಲಿ ಎರಡು ಬಸಪ್ಪ. ಆ ಇಬ್ಬರು ಬಸಪ್ಪರೂ ದೇವರ ಹೆಸರು ಅಂತ ಹಿರಿಮಗನಿಗೆ ಈರಪ್ಪ ಎಂದಿಟ್ಟರೆ, ಕಾಗದದಲ್ಲಿ ಎರಡು "ಈರಪ್ಪ ಬಿನ್ ಬಸಪ್ಪ". ನೇರವಾಗಿ ಮೇಲಕ್ಕೆ ಹತ್ತುವ ದಾರಿ ಅಲ್ಲಿಗೇ ಮುಗಿಯಿತು. ಇನ್ನು ಅಡ್ಡ ಹೋಗಬೇಕು. ಯಾವ ಈರಪ್ಪನಿಗೆ ಯಾವ ತಮ್ಮಂದಿರು ಅಂತ ಗೊತ್ತಾದರೆ ನಮ್ಮವನು ಯಾರು ಅಂತ ಗೊತ್ತಾಗುತ್ತದೆ.

ಅತ್ತಿ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಬದುವಿನ ಬೇವಿನ ಗಿಡದ ಕೆಳಗೆ ಒಂದು ಸಮಾಧಿ ಕಲ್ಲು ಇದೆ. ದೀಪಾವಳಿಗೆ ಅಲ್ಲಿ ಎಡೆ ಹಿಡಿಯುತ್ತಾರೆ. ಅಷ್ಟು ಬಿಟ್ಟರೆ ಅದು ಯಾರದು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅತ್ತಿ ತಂಬಿಗೆ ನೀರು ಸುರಿದು ಸೆರಗಿನಿಂದ ತಿಕ್ಕಿದಳು. ಆಮೇಲೆ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಕಲ್ಲಿನ ಮೇಲೆ ಅಡ್ಡಡ್ಡ ಉಜ್ಜಿದಳು. ಬಿಳಿಯ ನಡುವೆ ಅಕ್ಷರಗಳು ಕಪ್ಪಗೆ ಎದ್ದು ಬಂದವು. "ಈರಪ್ಪ". ಅದರ ಕೆಳಗೆ "ಕಾಳಯುಕ್ತಿ ಸಂ. ಆಶ್ವೀಜ". ಅಷ್ಟೇ. ಇಸವಿ ಇಲ್ಲ.

ಸಂವತ್ಸರದ ತೊಂದರೆ ಇದೇ. ಅರವತ್ತು ಹೆಸರು, ಅರವತ್ತು ವರ್ಷ ಮುಗಿದರೆ ಮತ್ತೆ ಮೊದಲಿನಿಂದ. ಕಾಳಯುಕ್ತಿ 1978ರಲ್ಲಿ ಬಂದಿತ್ತು, ಅದಕ್ಕಿಂತ ಮುಂಚೆ 1918ರಲ್ಲಿ, ಅದಕ್ಕೂ ಮುಂಚೆ 1858ರಲ್ಲಿ. ಕಲ್ಲು ಸವೆದು ಸವೆದು ಬಹಳ ಹಳೆಯದಾಗಿ ಕಂಡಿತು. ಇದು ಮುತ್ತಜ್ಜನಲ್ಲ, ಅವನ ಅಜ್ಜ ಈರಪ್ಪನೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿ ನೋಟ್‌ಬುಕ್ಕಿನಲ್ಲಿ 1858 ಬರೆದುಕೊಂಡೆ, ಪೆನ್ನಿನಲ್ಲಿ. ನಮ್ಮಲ್ಲಿ ಹೆಸರು ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ ತಿರುಗಿ ಬರುತ್ತದೆ, ಅಂದರೆ ಸುಮಾರು ಅರವತ್ತು ವರ್ಷಕ್ಕೆ. ಸಂವತ್ಸರವೂ ಅರವತ್ತು ವರ್ಷಕ್ಕೆ. ಎರಡು ಗಾಲಿಗಳು ಒಂದೇ ಅಳತೆಯವು. ಎಲ್ಲಿ ಜೋಡಿಸಿದರೂ ಸರಿಯಾಗಿ ಕೂತಂತೆ ಕಾಣುತ್ತದೆ. ಅದಾದ ಮೇಲೆ ನಾನು ಒಂದು ನಿಯಮ ಮಾಡಿಕೊಂಡೆ. ಎರಡು ಕಡೆಯಿಂದ ಒಂದೇ ಮಾತು ಬರುವ ತನಕ ಏನಿದ್ದರೂ ಪೆನ್ಸಿಲ್ಲಿನಲ್ಲಿ.

ಎರಡನೆಯ ಕಡೆ ಎಂದರೆ ಡೈರಿ. ಹಕ್ಕು ಬದಲಾದದ್ದನ್ನು ಬರೆಯುವ ರಜಿಸ್ಟರಿಗೆ ನಮ್ಮ ಕಡೆ ಡೈರಿ ಅಂತಾರೆ. ನಮ್ಮದು ಆಗ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆ. ಅಲ್ಲಿ ಹಕ್ಕುದಾಖಲೆಯ ಕಾಯಿದೆ ಬಂದದ್ದು 1903ರಲ್ಲಿ. ಹೀಗಾಗಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸತ್ತ ರೈತನ ಹೆಸರು ಅದರಲ್ಲಿ ಸಿಗುವ ಅವಕಾಶ ಇದೆ. ನಾನು ಮೊದಲು ಹೆಸರು ಕೊಟ್ಟು ಹುಡುಕಿಸಿದೆ, ಅದು ದಡ್ಡತನ. ರೆಕಾರ್ಡ್ ರೂಮಿನಲ್ಲಿದ್ದ ವಯಸ್ಸಾದ ಗುಮಾಸ್ತರೊಬ್ಬರು, "ಬಾಯಾರ, ಹೆಸರಿಗಿ ಸಾವಿರ ಮಂದಿ ಸಿಗ್ತಾರ. ಸರ್ವೆ ನಂಬರ್ ಹಿಡೀರಿ" ಅಂದರು. ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ, ಅಲ್ವಾ? ನಮ್ಮ ಸರ್ವೆ ನಂಬರು ಎಷ್ಟು ಹಿಸ್ಸಾ ಆಗಿದೆ, ಆಚೆ ಈಚೆ ಬದುವಿನವರು ಯಾರು ಅಂತ ನೋಡಿದರೆ ಅರ್ಧ ದಾಯಾದಿಗಳು ಅಲ್ಲೇ ಸಿಗುತ್ತಾರೆ. ವಾಟ್ನಿ ಆದಾಗ ಅಣ್ಣತಮ್ಮಂದಿರು ಹಂಚಿಕೊಂಡದ್ದು ಅದೇ ಹೊಲವನ್ನು ತಾನೇ. ನಮ್ಮ ಪಕ್ಕದ ಹಿಸ್ಸಾ ಹೊಸಮನಿಯವರದು. ಅಡ್ಡಹೆಸರು ಬೇರೆ ಅಂತ ನಾವು ಅವರನ್ನು ಬೇರೆ ಮನೆತನ ಅಂದುಕೊಂಡು ಬೆಳೆದವರು. ನಮ್ಮ ಅಡ್ಡಹೆಸರು ಒಂದು ಕಾಯಿಪಲ್ಯೆಯದು, ಬೆಂಗಳೂರಿನಲ್ಲಿ ಹೇಳಿದರೆ ನಗುತ್ತಾರೆ. ಯಾವನೋ ಹಿರಿಯ ಅದನ್ನು ಸಂತೆಯಲ್ಲಿ ಮಾರಿರಬೇಕು. ಅವನ ಅಣ್ಣನೋ ತಮ್ಮನೋ ಹೊಸ ಮನೆ ಕಟ್ಟಿ ಹೊಸಮನಿ ಆಗಿರಬೇಕು.

ದೃಢೀಕೃತ ನಕಲು ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಅಕ್ಷರ ಕನ್ನಡವೇ, ಆದರೆ ಬಳ್ಳಿ ಹಬ್ಬಿದ ಹಾಗೆ ಒಂದಕ್ಕೊಂದು ಹೆಣೆದಿತ್ತು. ಮಯತ ಎಂದರೆ ಸತ್ತವನು, ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ, ಅಷ್ಟು ಗೊತ್ತಿತ್ತು. 1919ರ ಒಂದು ನೋಂದು ಹೀಗಿತ್ತು: "ಈರಪ್ಪ ಬಿನ್ ಬಸಪ್ಪ ಮಯತ, ವಾರಸ ಮಗ ಬಸಪ್ಪ ಅ.ಪಾ.ಕ. ತಾಯಿ ನಾಗವ್ವ." ಈ "ಅಪಾಕ" ಅನ್ನುವುದು ಯಾವುದೋ ಅಡ್ಡಹೆಸರು, ಹಾಗಾದರೆ ಇವನು ನಮ್ಮವನಲ್ಲ ಅಂತ ನಾನು ಆ ಹಾಳೆಯನ್ನು ಪಕ್ಕಕ್ಕಿಟ್ಟಿದ್ದೆ! ಮೂರು ವಾರ ಅದು ನನ್ನ ಶಾಲೆಯ ಹಾಜರಿ ಪುಸ್ತಕದ ಕೆಳಗೆ ಬಿದ್ದಿತ್ತು. ಆಮೇಲೆ ಅದೇ ಗುಮಾಸ್ತರಿಗೆ ತೋರಿಸಿದಾಗ ಅವರು ನಕ್ಕರು. ಅಜ್ಞಾನ ಪಾಲನ ಕರ್ತಾ. ಅಜ್ಞಾನ ಎಂದರೆ ಇಲ್ಲಿ ಇನ್ನೂ ವಯಸ್ಸಿಗೆ ಬಾರದ ಹುಡುಗ, ಅವನ ಪಾಲಕಿ ತಾಯಿ ನಾಗವ್ವ. ಅಜ್ಜನಿಗೆ ಆಗ ನಾಲ್ಕೋ ಐದೋ ವರ್ಷ. ಮನೆಗೆ ಫೋನ್ ಮಾಡಿ ಅತ್ತಿಯನ್ನು, "ಅಜ್ಜನ ಅವ್ವನ ಹೆಸರೇನು?" ಅಂದೆ. "ನಾಗವ್ವ. ಯಾಕ?" ಅಂದಳು.

ಆ ಹಾಳೆಯ ಕೆಳಗಿನ ನೋಂದು ಇನ್ನೂ ಮುಖ್ಯವಾದದ್ದು. "ಗುರಪ್ಪ ಬಿನ್ ಬಸಪ್ಪ ಮಯತ. ಲಗ್ನ ಇಲ್ಲ, ಸಂತತಿ ಇಲ್ಲ. ವಾರಸ ಅಣ್ಣನ ಮಗ ಬಸಪ್ಪ ಅ.ಪಾ.ಕ. ತಾಯಿ ನಾಗವ್ವ, ಮತ್ತು ತಮ್ಮ ಶಿವಪ್ಪ, ವಸ್ತಿ ಸೊಲ್ಲಾಪುರ."

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಮಕ್ಕಳಿದ್ದವನು ಸತ್ತರೆ ಡೈರಿಯಲ್ಲಿ ಮಕ್ಕಳ ಹೆಸರು ಮಾತ್ರ ಬರುತ್ತದೆ. ಮಕ್ಕಳಿಲ್ಲದವನು ಸತ್ತರೆ ಅವನ ಪಾಲು ಯಾರಿಗೆ ಹೋಗಬೇಕು ಅಂತ ಸುತ್ತಮುತ್ತ ಹುಡುಕಬೇಕು, ಆಗ ಅಣ್ಣ, ತಮ್ಮ, ಅಣ್ಣನ ಮಗ ಎಲ್ಲರೂ ಕಾಗದಕ್ಕೆ ಬರುತ್ತಾರೆ. ವಂಶಾವಳಿಯಲ್ಲಿ ಎಲ್ಲರೂ ಬಿಟ್ಟುಬಿಟ್ಟ ಗುರಪ್ಪ ತನ್ನ ಒಂದೇ ಸಾಲಿನಲ್ಲಿ ಎಲ್ಲರನ್ನೂ ಇಟ್ಟುಕೊಂಡು ಕೂತಿದ್ದ. ಈಗ ಯಾರಾದರೂ ಮನೆತನ ಹುಡುಕುತ್ತೇನೆ ಅಂದರೆ ನಾನು ಮೊದಲು ಕೇಳುವುದು, ಸಂತಾನ ಇಲ್ಲದ ಅಜ್ಜ ಯಾರಾದರೂ ಇದ್ದನೇ ಅಂತ.

ಇನ್ನೊಂದು ಸಂಗತಿ. ಅಣ್ಣತಮ್ಮ ಇಬ್ಬರ ಹೆಸರೂ ಒಂದೇ ದಿನ ಕಡಿಮೆಯಾಗಿದೆ. ಹಾಗಾದರೆ ಇಬ್ಬರೂ ಸತ್ತದ್ದು ಅದರ ಹಿಂದಿನ ವರ್ಷದ ಕೊನೆಗೆ, 1918ರ ಇನ್‌ಫ್ಲುಯೆಂಜಾದಲ್ಲಿ. ಅಜ್ಜ ಹೇಳುತ್ತಿದ್ದ "ಬ್ಯಾನಿ" ಇದೇ. ಆ ಸಲ ನಮ್ಮ ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು, ಅದರಲ್ಲೂ ದಸರಾ ದೀಪಾವಳಿಯ ಆಸುಪಾಸಿನಲ್ಲಿ. ಕಾಳಯುಕ್ತಿ, ಆಶ್ವೀಜ! ಬೇವಿನ ಗಿಡದ ಕೆಳಗೆ ಇರುವವನು ಮುತ್ತಜ್ಜನೇ. ನೋಟ್‌ಬುಕ್ಕಿನ 1858ನ್ನು ಗೀಚಿ ಹಾಕಿದೆ, ಹಾಳೆ ತೂತು ಬಿತ್ತು.

ಬಸಪ್ಪನ ಮೇಲೆ ಯಾರು ಅನ್ನುವುದಕ್ಕೆ ಡೈರಿ ಉತ್ತರ ಕೊಡುವುದಿಲ್ಲ. ಅದಕ್ಕೆ ಹೆಳವರೇ ಬೇಕು. ಹೆಳವರನ್ನು ಕಾಣದ ದಕ್ಷಿಣದ ಓದುಗರಿಗೆ ಒಂದು ಮಾತು. ಒಕ್ಕಲು ಮನೆತನಗಳ ವಂಶ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಮನೆಗೆ ಬಂದು ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಕಡಿ ದಕ್ಷಿಣೆ ತೆಗೆದುಕೊಂಡು ಹೋಗುವುದು ಅವರ ಕಸುಬು. ಹಿಂದೆ ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ಹೆಳವ ಎಂದರೆ ಕಾಲಿಲ್ಲದವನು. ತಾಳೆಗರಿ, ತಾಮ್ರದ ಹಾಳೆ, ಈಗ ಕಾಗದದ ಪುಸ್ತಕ.

ಪಕ್ಕದೂರಿನಿಂದ ಒಬ್ಬ ಹೆಳವರ ಫೋನ್ ನಂಬರು ಸಿಕ್ಕಿತು. ಮಾಡಿದೆ. ಆತ ಊರು, ಮನೆತನ, ಮನೆದೇವರು ಮೂರು ಕೇಳಿ, "ನೀವು ನನ್ನ ಒಕ್ಕಲಲ್ರಿ ತಾಯಿ. ನಮ್ಮ ವಾಟ್ನಿ ಆದಾಗ ನಿಮ್ಮ ಮನೆತನ ನಮ್ಮ ದೊಡ್ಡಪ್ಪನ ಮಗನ ಪಾಲಿಗೆ ಹೋಗೇತ್ರಿ" ಅಂದ. ಒಕ್ಕಲು ಅವರಿಗೆ ಹೊಲ ಇದ್ದಂತೆ, ಅದನ್ನೂ ಹಂಚಿಕೊಳ್ಳುತ್ತಾರೆ. ನಮ್ಮ ದಾಯಾದಿಗಳನ್ನು ಹುಡುಕುವುದಕ್ಕೆ ನಾನು ಮೊದಲು ಹೆಳವರ ದಾಯಾದಿಗಳನ್ನು ಹುಡುಕಬೇಕಾಯಿತು.

ಸುಗ್ಗಿ ಮುಗಿದ ಮೇಲೆ ಆ ದೊಡ್ಡಪ್ಪನ ಮಗ ಬಂದ, ಎತ್ತಿನ ಮೇಲಲ್ಲ, ಮೋಟರ್ ಸೈಕಲ್ಲಿನ ಮೇಲೆ. ಕಾಕಾನ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿದೆವು. ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ಇಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆಸಿ, ಆಮೇಲೆಯೇ ತೆರೆದ. ಓದಿದ ಅನ್ನುವುದಕ್ಕಿಂತ ಹಾಡಿದ. ಮೂಲಪುರುಷನಿಂದ ಒಂದೇ ಉಸಿರಿನಲ್ಲಿ ಇಳಿಯುತ್ತಾ ಬಂದ. ಹಿರೇ ಬಸಪ್ಪ, ಅವನಿಗೆ ಇಬ್ಬರು ಮಕ್ಕಳು, ಶಿವಪ್ಪ, ಗುರಪ್ಪ. ಶಿವಪ್ಪಗ ಒಬ್ಬ ಬಸಪ್ಪ, ಗುರಪ್ಪಗ ಒಬ್ಬ ಬಸಪ್ಪ. ಶಿವಪ್ಪನ ಬಸಪ್ಪಗ ಈರಪ್ಪ, ಮಲ್ಲಪ್ಪ. ಗುರಪ್ಪನ ಬಸಪ್ಪಗ ಈರಪ್ಪ, ಗುರಪ್ಪ, ಶಿವಪ್ಪ.

"ತಡೀರಿ, ತಡೀರಿ" ಅಂದೆ. ಅವನಿಗೆ ತಡೆಯುವುದು ಕಷ್ಟ, ಧಾಟಿ ತಪ್ಪುತ್ತದೆ. ಮತ್ತೆ ಮೇಲಿನಿಂದ ಶುರು ಮಾಡಿದ. ಎರಡನೆಯ ಸಲ ನಾನು ಬರೆದುಕೊಂಡೆ. ಶಿವಪ್ಪನ ಕವಲು ಇವತ್ತಿನ ಹೊಸಮನಿಯವರು, ಗುರಪ್ಪನ ಕವಲು ನಾವು. ಮುತ್ತಜ್ಜನ ಅಜ್ಜ ಗುರಪ್ಪ, ಈರಪ್ಪ ಅಲ್ಲವೇ ಅಲ್ಲ. ಕಾಕಾ ತಲೆ ಕೆರೆದುಕೊಂಡ. ಬದುವಿನ ಒಂದು ಗಿಡಕ್ಕಾಗಿ ಹೊಸಮನಿಯವರ ಜೊತೆ ಎಂಟು ವರ್ಷದಿಂದ ಮಾತು ಬಿಟ್ಟಿದ್ದಾನೆ. "ಅಣ್ಣತಮ್ಮರ ಅಂದ್ರ ಮತ್ತ ಜಗಳಾ ಇರ್ತದ ಬಿಡು" ಅಂದ.

ಕಿರಿಯ ಶಿವಪ್ಪನ ಹೆಸರಿನ ಮುಂದೆ ಸೊಲ್ಲಾಪುರ ಎಂದು ಬರೆದಿತ್ತು. ಅದರ ಕೆಳಗೆ ಇಬ್ಬರು ಗಂಡುಮಕ್ಕಳ ಹೆಸರು, ಬೇರೆ ಮಸಿಯಲ್ಲಿ. ಹೆಳವನ ಅಜ್ಜ ಒಕ್ಕಲನ್ನು ಹುಡುಕಿಕೊಂಡು ಸೊಲ್ಲಾಪುರದ ತನಕ ಹೋಗಿ ಬಂದಿದ್ದ. ಪಕ್ಕದಲ್ಲಿ ಹೊಸ ಅಡ್ಡಹೆಸರೂ ಇತ್ತು, ನಮ್ಮ ಕಾಯಿಪಲ್ಯೆ ಅಲ್ಲ, ಊರ ಹೆಸರಿಗೆ "ಕರ" ಸೇರಿಸಿದ್ದು. ಗಡಿಯಾಚೆ ಹೋದರೆ ಹೀಗೆ. ವಿಜಾಪುರದವನು ವಿಜಾಪುರಕರ, ಬಾಗಲಕೋಟೆಯವನು ಬಾಗಲಕೋಟಕರ.

ಮುತ್ತಜ್ಜನ ತಂಗಿಯ ಹೆಸರು ಕೇಳಿದೆ. "ಹೆಣ್ಮಕ್ಕಳ ಹೆಸರು ಬರಿಯಾಂಗಿಲ್ರಿ ತಾಯಿ." ಒಂದು ಚೀಲ ಜೋಳ ತೆಗೆದುಕೊಂಡು, ಅಪ್ಪನ ಹೆಸರಿನ ಕೆಳಗೆ ನನ್ನ ತಮ್ಮನ ಹೆಸರು ಬರೆದುಕೊಂಡ. ನಾನು ಎದುರಿಗೇ ಕೂತಿದ್ದೆ.

ಹೆಣ್ಣುಮಕ್ಕಳನ್ನು ಹುಡುಕುವ ಜಾಗ ಬೇರೆ. ಮದುವೆಯ ಆಯೇರ, ಅಂದರೆ ಉಡುಗೊರೆ, ಬರೆದ ವಹಿ. ಅತ್ತಿಯ ಮದುವೆಯದು ಟ್ರಂಕಿನ ತಳದಲ್ಲಿ ಸಿಕ್ಕಿತು. ಯಾವ ಊರಿನವರು ಏನು ಕೊಟ್ಟರು ಅಂತ ಸಾಲು ಸಾಲಾಗಿ ಇದೆ. ಹೆಚ್ಚಿನವರದು ಒಂದು ಖಣ, ಒಂದು ರೂಪಾಯಿ. ಒಂದು ಸಾಲಿನಲ್ಲಿ ಮಾತ್ರ ಸೀರೆ, ಎರಡು ಖಣ, ಹಿತ್ತಾಳೆ ತಂಬಿಗೆ, ಐದು ರೂಪಾಯಿ. ಗದಗ ಕಡೆಯ ಒಂದು ಊರು. ಇಷ್ಟು ದೊಡ್ಡ ಆಯೇರ ಮಾಡಿದವರು ಹತ್ತಿರದ ಬೀಗರೇ ಇರಬೇಕು ಅಂತ ಜೋರಾಗಿ ಓದಿದೆ. ಚಹಾ ತಂದ ಕಾಕಿ ಬಾಗಿಲಲ್ಲೇ ನಿಂತಳು.

"ಅದು ನನ್ನ ತವರಮನಿ" ಅಂದಳು.

ಕಾಕಿಯ ಅಜ್ಜನ ತಾಯಿ ಈ ಊರಿನ ಮಗಳು. ಮೂರು ತಲೆಮಾರಿನ ಮೇಲೆ, ಕೊಟ್ಟ ಮನೆಯಿಂದಲೇ ತರಬೇಕು ಅಂತ ಹಿರಿಯರು ಕಾಕಿಯನ್ನು ಇಲ್ಲಿಗೆ ತಂದರು. ಮುತ್ತಜ್ಜನ ತಂಗಿಯ ವಂಶವನ್ನು ನಾನು ಎರಡು ವರ್ಷ ಕಚೇರಿ ಕಚೇರಿ ಅಲೆದು ಹುಡುಕಿದ್ದೆ. ಅದು ನನಗೆ ಪ್ರತಿ ಸಲ ರೊಟ್ಟಿ ಬಡಿದು ಹಾಕುತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ನೀ ಕಾಕಾನ್ನ ಕೇಳಿದಿ, ಅತ್ತೀನ್ನ ಕೇಳಿದಿ, ಹೆಳವನ್ನ ಕೇಳಿದಿ" ಅಂದಳು ಕಾಕಿ, ಲೋಟ ಇಡುತ್ತಾ. ಹೆಸರು ಅವಳಿಗೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಎಲ್ಲರೂ ಆಕೆಯನ್ನು "ಬದಾಮಿ ಆಯಿ" ಅನ್ನುತ್ತಿದ್ದರಂತೆ.

ಸೊಲ್ಲಾಪುರದ 'ಕರ'ರನ್ನು ಹುಡುಕಲು ಅಲ್ಲಿಯ ಕನ್ನಡ ಶಾಲೆಯ ಒಬ್ಬ ಶಿಕ್ಷಕಿ ಸಹಾಯ ಮಾಡಿದರು. ಆ ಅಡ್ಡಹೆಸರಿನ ಮೂರು ಮನೆ ಸಿಕ್ಕವು. ಮೂವರಿಗೂ ಒಂದೇ ಪ್ರಶ್ನೆ, ಮನೆದೇವರು ಯಾರು? ಅಡ್ಡಹೆಸರು ಬದಲಾಗುತ್ತದೆ, ಮಾತು ಬದಲಾಗುತ್ತದೆ, ಮನೆದೇವರನ್ನು ಬದಲಿಸುವವರು ಕಡಿಮೆ. ಮೂರನೆಯ ಮನೆಯವರು ಮರಾಠಿಯಲ್ಲಿ, "ಗೊಡಚಿ, ಕರ್ನಾಟಕದಾಗ ಎಲ್ಲೋ ಇದೆಯಂತೆ" ಎಂದರಂತೆ.

ಬಾದಾಮಿ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಗದಗದಿಂದ ಸೊಲ್ಲಾಪುರದ ಹತ್ತಿರದ ಹೊಟಗಿಗೆ ಹೋಗುವ ಈ ಮಾರ್ಗ ಆದದ್ದು 1880ರ ದಶಕದಲ್ಲಿ. ಶಿವಪ್ಪನೂ ಇದೇ ದಾರಿಯಲ್ಲೇ ಹೋಗಿರಬೇಕು. ಅವನು ದುಡಿದದ್ದು 1877ರಲ್ಲಿ ಶುರುವಾದ, ಊರವರು ಜುನಿ ಗಿರಣಿ ಅನ್ನುವ ಬಟ್ಟೆ ಮಿಲ್ಲಿನಲ್ಲಿ. ಮನೆಯಲ್ಲಿ ಅವನ ಒಂದು ಕಾಗದವೂ ಇಲ್ಲ. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಹಾಕಿದಾಗ, ಪೊಲೀಸರ ಹೆದರಿಕೆಗೆ ಇದ್ದಬದ್ದ ಕಾಗದವನ್ನೆಲ್ಲ ಒಲೆಗೆ ಹಾಕಿದನಂತೆ.

ಅವನ ಕಿರಿಮಗಳು ಇದ್ದಾಳೆ. ತೊಂಬತ್ತರ ಹತ್ತಿರ, ಕಣ್ಣು ಮಂಜು, ಕಿವಿ ಚುರುಕು. ಮೊಮ್ಮಕ್ಕಳು ಮರಾಠಿಯಲ್ಲಿ ನನ್ನ ಪರಿಚಯ ಹೇಳುತ್ತಿದ್ದರೆ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದಳು. "ಯಾರ ಪೈಕಿ ನೀ?" ಕನ್ನಡದಲ್ಲೇ ಕೇಳಿದಳು. ಆ ಮನೆಯಲ್ಲಿ ಅವಳ ಜೊತೆ ಕನ್ನಡ ಮಾತಾಡುವವರು ಯಾರೂ ಉಳಿದಿಲ್ಲ. ನಾನು ಹೆಳವನ ಹಾಗೆ ಮೇಲಿನಿಂದ ಶುರು ಮಾಡಿದೆ. ಗುರಪ್ಪನ ಬಸಪ್ಪ, ಬಸಪ್ಪಗ ಈರಪ್ಪ, ಗುರಪ್ಪ, ಶಿವಪ್ಪ. ಪ್ರತಿ ಹೆಸರಿಗೂ ತಲೆ ಆಡಿಸಿದಳು. ನಿಲ್ಲಿಸಿದೆ.

"ಮತ್ತ ನಮ್ಮಪ್ಪನ ಅಕ್ಕ?" ಅಂದಳು.

"ಆಕಿ ಹೆಸರು ಯಾರಿಗೂ ಗೊತ್ತಿಲ್ಲ ಆಯಿ."

"ನನಗ ಆಕಿ ಹೆಸರಽ ಇಟ್ಟಾರಲ್ಲ. ನೀಲವ್ವ." ಶಾಲೆಯಲ್ಲಿ ಮಾಸ್ತರರು ನೀಲಾಬಾಯಿ ಎಂದು ಬರೆದರಂತೆ, ಅಪ್ಪ ಮಾತ್ರ ಸಾಯುವ ತನಕ ನೀಲವ್ವ ಅಂತಲೇ ಕರೆದನಂತೆ.

ವಾಪಸ್ ಬರುವಾಗ ರೈಲಿನಲ್ಲಿ ಹಾಳೆ ಬಿಚ್ಚಿ ಈರಪ್ಪನ ಪಕ್ಕದಲ್ಲಿ ನೀಲವ್ವ ಅಂತ ಬರೆದೆ, ಪೆನ್ಸಿಲ್ಲಿನಲ್ಲಿ. ಇನ್ನೊಂದು ಕಡೆಯಿಂದ ಬರಬೇಕು. ಹೊಸ್ತಿಲ ಹುಣ್ಣಿಮೆಗೆ ಗೊಡಚಿ ಜಾತ್ರೆಗೆ ಕಾಕಿಯ ತವರಿನವರು ಬರುತ್ತಾರೆ. ಅವರಲ್ಲಿ ಒಬ್ಬ ಮುದುಕಿಗೆ ಎಲ್ಲ ನೆನಪಿದೆ, ಆದರೆ ಮಧ್ಯಾಹ್ನ ಊಟ ಆದ ಮೇಲೆ ಮಲಗಿಬಿಡುತ್ತಾಳೆ, ಬೆಳಿಗ್ಗೆಯೇ ಹಿಡಿಯಬೇಕು ಅಂತ ಕಾಕಿ ಹೇಳಿದ್ದಾಳೆ.